ನೆನಪೆಂಬ ಕೂಲಿ

ನುಡಿನಮನದ ಸಭೆಗಳಿಗೆ ಹೋಗಿ ಬಂದವರಿಗೆ ಅಲ್ಲಿನ ಮಾತಿನ ಜಾಡು ಗೊತ್ತಿರುತ್ತದೆ. ಮೊದಲು ಮೌನಾಚರಣೆ, ಆಮೇಲೆ ತುಂಬಲಾರದ ನಷ್ಟ, ಅದರ ಹಿಂದೆಯೇ ಅಜಾತಶತ್ರು. ಮೈಕು ಹಿಡಿದವರು ವಯಸ್ಸಿನಲ್ಲಿ ಹಿರಿಯರಾಗಿದ್ದರೆ 'ಶರಣರ ಗುಣವನ್ನು ಮರಣದಲ್ಲಿ ನೋಡು' ಎಂಬ ಗಾದೆಯೂ ಬಂದೇ ಬರುತ್ತದೆ. ಸೇರಿದ ಜನರತ್ತ ಕೈ ತೋರಿಸಿ, ಇಷ್ಟು ಮಂದಿ ಬಂದಿದ್ದಾರೆಂದರೆ ಅವರು ಎಂಥ ಬಾಳು ಬಾಳಿರಬೇಕು ನೋಡಿ, ನಂಬಿಕೆ ಬಿಡದೆ ಪ್ರೀತಿ ಹಂಚುತ್ತ ಬದುಕಿದರು, ನಾವೂ ಹಾಗೆ ಬದುಕಬೇಕು, ಹೋದ ಮೇಲೂ ನಮ್ಮವರು ನೆನೆಸಿಕೊಳ್ಳುವಂತೆ, ಎಂದು ಮಾತು ಮುಗಿಸುತ್ತಾರೆ. ಸಭೆ ತಲೆದೂಗುತ್ತದೆ. ಆಮೇಲೆ ಊಟ.

ಈ ಉಪದೇಶವನ್ನು ಯಾರೂ ಪ್ರಶ್ನಿಸಿದಂತಿಲ್ಲ. ಪ್ರಶ್ನಿಸುವುದು ಅಮಂಗಳವೆನ್ನಿಸುತ್ತದೆ, ಸತ್ತವರ ಮನೆಯಲ್ಲಿ ವಾದ ಮಾಡಿದಂತಾಗುತ್ತದೆ. ಹಾಗಾಗಿ ಸಾವಿನ ಮನೆಯಿಂದ ಆಚೆ ನಿಂತು, ಸಾವಕಾಶವಾಗಿ ಕೇಳಬೇಕಾದ ಪ್ರಶ್ನೆ ಇದು. ಒಳ್ಳೆಯ ಬಾಳಿಗೆ ಪ್ರಮಾಣ ನಮ್ಮವರ ನೆನಪೇ? ನಂಬಿಕೆಯಿಂದ, ಪ್ರೀತಿಯಿಂದ ಬದುಕಿದ್ದಕ್ಕೆ ಅವರು ನಮ್ಮನ್ನು ನೆನೆಸಿಕೊಳ್ಳುವುದು ಸಲ್ಲಬೇಕಾದ ಕೂಲಿಯೇ? ಅಲ್ಲ ಎಂಬುದು ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಆ ಕೂಲಿಯ ಮೇಲೆ ಕಣ್ಣಿಟ್ಟ ಪ್ರೀತಿ ಅಷ್ಟರಮಟ್ಟಿಗೆ ಕೆಡುತ್ತದೆ.

ಗಾದೆ ಹಳೆಯದಾದರೂ ಅದಕ್ಕೆ ಈಚೆಗೆ ಕೋಟು ತೊಡಿಸಿದವರಿದ್ದಾರೆ. ಅಮೆರಿಕದ ಸ್ಟೀಫನ್ ಕೋವಿ 1989ರಲ್ಲಿ ಪ್ರಕಟಿಸಿದ 'ದಿ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್' ಪುಸ್ತಕದಲ್ಲಿ ಒಂದು ಅಭ್ಯಾಸವಿದೆ. ಕಣ್ಣು ಮುಚ್ಚಿ ನಿಮ್ಮದೇ ಅಂತ್ಯಕ್ರಿಯೆಗೆ ಹೋಗಿ. ನಾಲ್ಕು ಜನ ಮಾತಾಡಲಿದ್ದಾರೆ: ಮನೆಯವರೊಬ್ಬರು, ಗೆಳೆಯರೊಬ್ಬರು, ಕೆಲಸದ ಕಡೆಯವರೊಬ್ಬರು, ಚರ್ಚು ಅಥವಾ ಸಮುದಾಯದ ಕಡೆಯವರೊಬ್ಬರು. ಅವರು ಏನು ಹೇಳಬೇಕೆಂದು ನಿಮಗೆ ಆಸೆಯೋ ಹಾಗೆ ಇವತ್ತಿನಿಂದ ಬದುಕಿ. ಬೆಂಗಳೂರಿನ ಕಂಪನಿಗಳ ತರಬೇತಿಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ವ್ಯಕ್ತಿತ್ವ ವಿಕಸನ ಶಿಬಿರಗಳವರೆಗೆ ಇದು ಬೇರೆ ಬೇರೆ ವೇಷದಲ್ಲಿ ಓಡಾಡಿದೆ. ಮನುಷ್ಯನಿಗೆ ತನ್ನ ಆದ್ಯತೆಗಳನ್ನು ತೋರಿಸಿಕೊಡಲು ಹೂಡಿದ ಉಪಾಯ, ಒಪ್ಪೋಣ. ಆದರೆ ಅದರ ಕಟ್ಟೋಣವನ್ನು ನೋಡಿ. ಬದುಕಿಗೆ ಒಂದು ಪ್ರೇಕ್ಷಕವರ್ಗ ಬೇಕು, ಕೊನೆಯಲ್ಲಿ ಅವರು ಅಂಕ ಕೊಡಬೇಕು, ಆ ಅಂಕಕ್ಕಾಗಿ ಮೊದಲಿನಿಂದಲೇ ತಯಾರಿ ನಡೆಸಬೇಕು. ಮಗಳ ಜ್ವರಕ್ಕೆ ರಾತ್ರಿಯಿಡೀ ಎದ್ದು ಕೂತ ಅಪ್ಪ, ಇವಳು ಮುಂದೆ ಇದನ್ನು ಹೇಳಿಕೊಳ್ಳುತ್ತಾಳೆ ಎಂದು ಒಳಗೊಳಗೇ ಬರೆದಿಟ್ಟುಕೊಂಡರೆ ಆ ರಾತ್ರಿ ಏನಾಯಿತು? ಒದ್ದೆ ಬಟ್ಟೆ ಹಣೆಯ ಮೇಲೇ ಇದೆ, ಅವನ ಗಮನ ಮಾತ್ರ ತನ್ನ ಮೇಲೆ.

ನಂಬಿಕೆಯ ವಿಷಯಕ್ಕೆ ಬಂದರೆ ಈ ಉಪದೇಶ ಇನ್ನೂ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ದೇವರನ್ನು ನಂಬಿದವನಿಗೆ ಸಾಕ್ಷಿ ಒಬ್ಬ ಆಗಲೇ ಇದ್ದಾನೆ. ಅವನು ಕಂಡಿದ್ದರೆ ಸಾಕು, ನೆಂಟರಿಷ್ಟರ ಸಹಿ ಯಾಕೆ? ದೇವರನ್ನು ನಂಬದವನಿಗೂ ತನ್ನ ಮನಸ್ಸಾಕ್ಷಿಯಿದೆ. ಇವೆರಡೂ ಸಾಲದೆ ನಮ್ಮವರ ನೆನಪೂ ಬೇಕೆಂದರೆ ಮೊದಲಿನ ಎರಡರ ಮೇಲೆ ನಂಬಿಕೆ ಅಷ್ಟು ಗಟ್ಟಿಯಿಲ್ಲವೆಂದೇ ಅರ್ಥ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಮನೆಗಳಲ್ಲೂ ಹೇಳುತ್ತಾರೆ, ಏಸುವಿನ ಬೋಧನೆಯಲ್ಲೂ ಇದೆ. ಹೇಳುವವರೇ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೆ ತಮ್ಮ ಹೆಸರು ಬರೆಸುತ್ತಾರೆ, ಅಷ್ಟಗಲ ಬೆಳಕು ಕಡಿಮೆಯಾದರೂ ಚಿಂತೆಯಿಲ್ಲ.

ನೆನಪಿಗಾಗಿ ಕಾತರಿಸುವುದು ಹೊಸ ರೋಗವೇನಲ್ಲ ಎನ್ನುವವರಿಗೆ ಕನ್ನಡ ನಾಡಿನ ಕಲ್ಲುಗಳೇ ಪುರಾವೆ ಒದಗಿಸುತ್ತವೆ. ಇಷ್ಟೊಂದು ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲು ಇರುವ ನಾಡಿನಲ್ಲಿ ಸತ್ತವರನ್ನು ಮರೆಯಬಾರದೆಂಬ ಹಟ ಮಣ್ಣಿನಲ್ಲೇ ಇದ್ದಂತಿದೆ. ಆದರೆ ಆ ಕಲ್ಲುಗಳನ್ನು ಓದುತ್ತ ಹೋದರೆ ನೆನಪು ಯಾರನ್ನು ಆರಿಸಿಕೊಳ್ಳುತ್ತದೆ, ಯಾವ ಕಾರಣಕ್ಕೆ ಆರಿಸಿಕೊಳ್ಳುತ್ತದೆ ಎಂಬುದೂ ಗೊತ್ತಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಾಳಿ ಎಂಬ ಬೇಟೆನಾಯಿಯ ಕಲ್ಲು. ಗಂಗರ ಬೂತುಗನ ಕಡೆಯ ಮಣಲೇರ, ತನ್ನ ಶೌರ್ಯಕ್ಕೆ ಮೆಚ್ಚಿದ ದೊರೆಯಿಂದ ಬೇರೇನನ್ನೂ ಕೇಳದೆ ಈ ನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಡಿಸಿದ, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಕೆತ್ತಿಸಿದ. ನನಗೆ ಮಣಲೇರನ ಮೇಲೆ ಗೌರವವೇ ಇದೆ, ನಾಯಿಯ ಮೇಲೆ ಇನ್ನೂ ಹೆಚ್ಚು. ಆದರೂ ಭೂಮಿ ಬಿಟ್ಟು, ಪಾಪದ ಭಯ ಹಾಕಿ ಕಾಪಾಡಲು ಹೊರಟ ಪೂಜೆ ಇವತ್ತು ಎಲ್ಲಿ? ಕಲ್ಲಿನ ಮುಂದೆ ಶಾಸನಶಾಸ್ತ್ರದ ವಿದ್ಯಾರ್ಥಿಗಳು ನಿಲ್ಲುತ್ತಾರೆ, ಭಾಷೆಗಾಗಿ, ಅದರಲ್ಲಿ ಬರುವ ತಕ್ಕೋಲದ ಯುದ್ಧದ ವಿವರಕ್ಕಾಗಿ. ಒಡೆಯ ಬಯಸಿದ ನೆನಪು ಹೋಗಿ ಅವನು ಎಣಿಸದ ಇನ್ನೊಂದು ಬಗೆಯ ನೆನಪು ಉಳಿಯಿತು.

ನಾಯಿಯ ಕಥೆಯಲ್ಲಿ ಕನಿಷ್ಠ ಮುದ್ದಿದೆ. ಸಹಗಮನ ಮಾಡಿದ ಹೆಂಗಸರ ಮಾಸ್ತಿಗಲ್ಲುಗಳಲ್ಲಿ ಅದಿಲ್ಲ. ಕಂಬವೊಂದರಿಂದ ಚಾಚಿ, ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ಬಲಗೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಊರ ಹೊರಗೆ, ಕೆರೆ ಏರಿಯ ಮೇಲೆ ಇಂಥವನ್ನು ಎಷ್ಟೋ ಜನ ನೋಡಿರುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯದು. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ರಾಜನ ಸಂಬಂಧಿಯೊಬ್ಬನನ್ನು ಕೊಂದದ್ದಕ್ಕೆ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ತಿಳಿದ ದೇಕಬ್ಬೆ, ಹೆತ್ತವರು ಎಷ್ಟು ತಡೆದರೂ ಕೇಳದೆ, ಇದ್ದದ್ದನ್ನೆಲ್ಲ ದಾನ ಕೊಟ್ಟು ಬೆಂಕಿ ಹೊಕ್ಕಳು. ಶಾಸನ ಪದ್ಯದಲ್ಲಿದೆ, ಕಾವ್ಯಗುಣಕ್ಕಾಗಿ ಕನ್ನಡ ವಿದ್ವಾಂಸರು ಅದನ್ನು ಹೊಗಳಿದ್ದಾರೆ. ನಂಬಿಕೆ, ಪ್ರೀತಿ, ನಮ್ಮವರ ನೆನಪು, ಉಪದೇಶ ಕೇಳುವ ಮೂರೂ ಇಲ್ಲಿ ಒಟ್ಟಿಗಿವೆ. ಆದರೆ ದೇಕಬ್ಬೆ ಬದುಕಿದ್ದಾಗ ಹೇಗಿದ್ದಳು, ಏನು ಕಂಡರೆ ನಗುತ್ತಿದ್ದಳು, ತಾಯಿಯ ಜೊತೆ ಯಾವುದಕ್ಕೆ ಜಗಳ ಆಡುತ್ತಿದ್ದಳು, ಒಂದಾದರೂ ಗೊತ್ತಿದೆಯೇ? ಅವಳ ಪ್ರೀತಿಗೆ ಕಲ್ಲು ಸಿಕ್ಕಿದ್ದು ಅವಳು ಉರಿದ ಮೇಲೆ. ಗಂಡ ಸತ್ತ ಮೇಲೂ ಬದುಕಿ, ಮಕ್ಕಳನ್ನು ಸಾಕಿ, ಹೊಲ ಗೇಯ್ದು ಮುದುಕಿಯಾಗಿ ಸತ್ತ ಅವಳ ಕಾಲದ ಸಾವಿರಾರು ಹೆಂಗಸರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಪ್ರೀತಿಯನ್ನು ನೆನಪಿನಿಂದ ಅಳೆಯುವವರು ಆ ಮುದುಕಿಯರಿಗೆ ಯಾವ ಅಂಕ ಕೊಡುತ್ತಾರೆ?

ಕಲ್ಲು ಹೋಗಿ ಫ್ಲೆಕ್ಸು ಬಂತು, ಆಯ್ಕೆಯ ರೀತಿ ಹೆಚ್ಚು ಬದಲಾಗಿಲ್ಲ. ಪತ್ರಿಕೆಗಳ ಪುಣ್ಯಸ್ಮರಣೆ ಜಾಹೀರಾತುಗಳಲ್ಲಿ ಗಂಡಸರು ಸಾಮಾನ್ಯವಾಗಿ ಕೊಡುಗೈ ದಾನಿ, ಸಹಕಾರಿ ಧುರೀಣ. ಹೆಂಗಸರು ಸಹನಾಮೂರ್ತಿ, ಅನ್ನಪೂರ್ಣೆ. ಮುಂಗೋಪಿ ನೇರ ನುಡಿಯವನಾಗುತ್ತಾನೆ, ಜಿಪುಣ ಮಿತವ್ಯಯಿಯಾಗುತ್ತಾನೆ, ಮಕ್ಕಳು ಎದುರು ಬರಲು ಹೆದರುತ್ತಿದ್ದ ಅಪ್ಪ ಶಿಸ್ತಿನ ಸಿಪಾಯಿ. ಇದರಲ್ಲಿ ತಪ್ಪು ಹುಡುಕುವುದು ನಿರ್ದಯವಾದೀತು. ಸತ್ತವರನ್ನು ಕ್ಷಮಿಸಲು ಮನೆಯವರು ಕಂಡುಕೊಂಡ ದಾರಿ ಅದು. ಆದರೆ ಅನ್ನಪೂರ್ಣೆಯ ವಿಷಯ ಬೇರೆ. ತಾಯಿ ತನ್ನ ಊಟ ಬಿಟ್ಟು ಬಡಿಸುತ್ತಿದ್ದಳೆಂಬ ನೆನಪು ಚೌಕಟ್ಟಿನೊಳಗೆ ಸುಮ್ಮನೆ ಕೂರುವುದಿಲ್ಲ. ಅದು ಅಡುಗೆಮನೆಗೆ ಬಂದು ಸೊಸೆಯ ಪಕ್ಕ ನಿಲ್ಲುತ್ತದೆ. 'ನಮ್ಮಮ್ಮ ಒಂದು ದಿನಾನೂ ಸುಸ್ತು ಅಂದವಳಲ್ಲ' ಎಂಬ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿಲ್ಲ! ಆ ಅಮ್ಮ ಸುಸ್ತು ಅಂದಿರುತ್ತಾಳೆ; ಕೇಳಿಸಿಕೊಂಡವರಿರಲಿಲ್ಲ, ಅಷ್ಟೆ. ಒಬ್ಬಳ ಪ್ರೀತಿಯನ್ನು ನೆನಪಿನಲ್ಲಿ ಮೂರ್ತಿ ಮಾಡಿ ಇನ್ನೊಬ್ಬಳ ತಲೆಯ ಮೇಲೆ ಹೊರಿಸಿದಾಗ, ಮೊದಲಿನವಳ ಬಾಳು ಸಾರ್ಥಕವಾಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನನ್ನ ಮುಖ್ಯವಾದ ತಕರಾರಿಗೆ ಬರುತ್ತೇನೆ. ಮನುಷ್ಯನಿಗೆ ಸಿಗುವ ಅತಿ ದೊಡ್ಡ ಪ್ರೀತಿ ಅವನಿಗೆ ನೆನಪಿರುವುದೇ ಇಲ್ಲ. ಮೂರು, ಮೂರೂವರೆ ವರ್ಷಕ್ಕೆ ಮುಂಚಿನ ಘಟನೆಗಳು ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಮನಶ್ಶಾಸ್ತ್ರದವರು ಇದನ್ನು ಬಹಳ ಕಾಲದಿಂದ ಗುರುತಿಸಿದ್ದಾರೆ. ಆ ಮೂರು ವರ್ಷಗಳಲ್ಲೇ ಅಲ್ಲವೇ ನಮಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ನೀರು ಹಾಕಿದ್ದು, ತುತ್ತು ಆರಿಸಿ ಬಾಯಿಗಿಟ್ಟದ್ದು, ಹಾಲು ಕಕ್ಕಿದಾಗ ಅಂಗಿ ಬದಲಿಸಿದ್ದು, ರಾತ್ರಿ ಮೂರು ಗಂಟೆಗೆ ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ತಿರುಗಿದ್ದು! ಒಂದೂ ನೆನಪಿಲ್ಲ. ಆಮೇಲಿನ ಬದುಕಿನ ಧೈರ್ಯವೆಲ್ಲ ಅದರ ಮೇಲೆ ನಿಂತಿದೆ, ಆದರೆ ಅದನ್ನು ಕಟ್ಟಿದ ಕೈಗಳು ನೆನಪಿಲ್ಲ. ನೆನಪಿರುವುದು ಐದನೆಯ ಕ್ಲಾಸಿನಲ್ಲಿ ಕೊಡಿಸದೆ ಹೋದ ಸೈಕಲ್ಲು. ಪ್ರೀತಿಸಿದವರು ಇದನ್ನು ತಿಳಿದೇ ಪ್ರೀತಿಸುತ್ತಾರೆ. ಆರು ತಿಂಗಳ ಕೂಸಿಗೆ ಜೋಗುಳ ಹಾಡುವ ಅಜ್ಜಿಗೆ, ಈ ಕೂಸು ತನ್ನ ದನಿಯನ್ನು ನೆನಪಿಟ್ಟುಕೊಳ್ಳಲಿ ಎಂಬ ಯೋಚನೆ ಇರುವುದಿಲ್ಲ. ಅದಕ್ಕೆ ನಿದ್ದೆ ಬರಲಿ ಎಂಬುದೊಂದೇ ಇರುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸುಮಾರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದವರು. ಆಸ್ಪತ್ರೆ ದೂರ, ರಸ್ತೆ ಇಲ್ಲ, ಬರಗಾಲದ ಸೀಮೆ. ಯಾರೋ ಬಂದು ಕರೆದರೆ ಹೊತ್ತು ನೋಡದೆ ಹೋಗುವುದು ಅವರ ಬದುಕಾಗಿತ್ತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಲೆಕ್ಕ ಹಾಕಿ ನೋಡಿ. ಹದಿನೈದು ಸಾವಿರ ಜನರನ್ನು ಈ ಲೋಕದಲ್ಲಿ ಮೊದಲು ಹಿಡಿದ ಕೈ ಅದು. ಆ ಹಿಡಿತ ನೆನಪಿರುವವರು ಎಷ್ಟು ಮಂದಿ? ಒಬ್ಬರೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಹೆತ್ತವರಲ್ಲಿ ಬಹಳಷ್ಟು ಮಂದಿಗೆ ನೆನಪಿದ್ದಿರಬಹುದು, ಆದರೆ ನೋವಿನ ನಡುವೆ, ಮಸುಕಾಗಿ. ಪದ್ಮಶ್ರೀ ಬರದೇ ಹೋಗಿದ್ದರೆ ನಮಗೂ ಅವರ ಹೆಸರು ಗೊತ್ತಾಗುತ್ತಿರಲಿಲ್ಲ. ಪ್ರಶಸ್ತಿ ಬಂದ ವರ್ಷದಲ್ಲಿ ಅವರ ಕೆಲಸಕ್ಕೆ ಹೊಸದಾಗಿ ಏನೂ ಸೇರಲಿಲ್ಲ, ನಮ್ಮ ಮುಖಕ್ಕೆ ಸ್ವಲ್ಪ ಮರ್ಯಾದೆ ಬಂತು. ಪಕ್ಕದ ತಾಲ್ಲೂಕುಗಳಲ್ಲಿ ಹೆಸರಿಲ್ಲದೆ ಹೋದ ಸೂಲಗಿತ್ತಿಯರು ಎಷ್ಟೋ ಇದ್ದಿರಬೇಕು. ಅವರ ಬಾಳು ನರಸಮ್ಮನವರ ಬಾಳಿಗಿಂತ ಕಡಿಮೆ ತೂಗುತ್ತದೆಯೇ?

ಬದುಕಿನ ಇನ್ನೊಂದು ತುದಿಯಲ್ಲೂ ಇದೇ ಸ್ಥಿತಿ. ಅರಳುಮರಳು ಎಂದು ನಾವು ತಳ್ಳಿಹಾಕುತ್ತಿದ್ದ ಎಷ್ಟೋ ಪ್ರಸಂಗಗಳ ಹಿಂದೆ ಆಲ್ಝೈಮರ್ಸ್‌ನಂಥ ಕಾಯಿಲೆ ಇತ್ತೆಂದು ಈಗೀಗ ಮನೆಗಳಿಗೆ ತಿಳಿಯುತ್ತಿದೆ. ಅಂಥ ತಾಯಿಯನ್ನು ನೋಡಿಕೊಳ್ಳುವ ಮಗಳನ್ನು ತಾಯಿಯೇ 'ನೀನು ಯಾರಮ್ಮ, ಯಾವೂರು?' ಎಂದು ಕೇಳುತ್ತಾಳೆ. ಬೆಳಿಗ್ಗೆ ಮಾಡಿಸಿದ ಸ್ನಾನ ಮಧ್ಯಾಹ್ನಕ್ಕೆ ನೆನಪಿಲ್ಲ, ಊಟ ಹಾಕಿದ ಅರ್ಧ ಗಂಟೆಗೆ ಯಾರೂ ಊಟ ಕೊಡಲಿಲ್ಲವೆಂದು ಬೀದಿಯವರಿಗೆ ದೂರು ಹೋಗುತ್ತದೆ. ಇಲ್ಲಿ ಪ್ರೀತಿಗೆ ಸಿಗುವುದು ಮರೆವು ಮಾತ್ರವಲ್ಲ, ಅಪವಾದ ಕೂಡ. ಆದರೂ ಸಂಜೆ ಮಗಳು ಮತ್ತೆ ಗಂಜಿ ಕಲಸುತ್ತಾಳೆ. ನಮ್ಮವರು ನೆನೆಯುವಂತೆ ಬಾಳು ಎಂಬ ಉಪದೇಶವನ್ನು ಭಾಷಣಕಾರರು ಆ ಮಗಳ ಮುಂದೆ ಹೇಳಿ ನೋಡಲಿ. ಅವಳಿಗೆ ಅದು ಉಪಯೋಗಕ್ಕೆ ಬಾರದು, ಕೋಪ ಬಂದರೂ ಬರಬಹುದು. ತೊಟ್ಟಿಲಿಗೂ ಮುದಿ ಹಾಸಿಗೆಗೂ ಅನ್ವಯವಾಗದ ಒಂದು ಮಾತನ್ನು ಪ್ರೀತಿಯ ವ್ಯಾಖ್ಯೆಯೆಂದು ನಾವು ಸಭೆಗಳಲ್ಲಿ ಹೇಳುತ್ತಿದ್ದೇವೆ.

ಪರಂಪರೆಯೇ ಇದನ್ನು ಕಲಿಸಿದ್ದಲ್ಲವೇ, ಶ್ರಾದ್ಧ, ತಿಥಿ, ಎಡೆ ಎಲ್ಲ ಏತಕ್ಕೆ ಎಂದು ಕೇಳುವವರಿದ್ದಾರೆ. ಕೇಳಲಿ, ಯಾಕೆಂದರೆ ಪರಂಪರೆ ಈ ವಿಷಯದಲ್ಲಿ ನಮ್ಮ ಭಾಷಣಕಾರರಿಗಿಂತ ವಿವೇಕಿ. ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಮೂರು ತಲೆಮಾರನ್ನು: ತಂದೆ, ತಾತ, ಮುತ್ತಾತ, ವಸು, ರುದ್ರ, ಆದಿತ್ಯ ರೂಪದಲ್ಲಿ. ಸಪಿಂಡೀಕರಣದ ದಿನ ಹೊಸದಾಗಿ ಸತ್ತವರ ಪಿಂಡವನ್ನು ಹಿಂದಿನ ಮೂವರ ಪಿಂಡಗಳೊಳಗೆ ಬೆರೆಸಿಬಿಡುತ್ತಾರೆ. ಒಬ್ಬ ಹೊಸಬ ಒಳಗೆ ಬಂದರೆ ಹಳಬರಲ್ಲಿ ಒಬ್ಬ ಸಾಲಿನಿಂದ ಆಚೆ ಹೋಗಬೇಕು. ಅವನಿಗೆ ಹೆಸರಿಲ್ಲ, ಪಿಂಡವಿಲ್ಲ, ಕೈಗೆ ಅಂಟಿದ ಲೇಪವಷ್ಟೇ ಪಾಲು. ಹೆಚ್ಚೆಂದರೆ ಮೂರು ತಲೆಮಾರು, ಆಮೇಲೆ ಮರೆತುಬಿಡಿ ಎಂದು ವಿಧಿಯೇ ಅಪ್ಪಣೆ ಕೊಟ್ಟಿದೆ. ಮಹಾಲಯ ಅಮಾವಾಸ್ಯೆಯಲ್ಲಂತೂ ತಿಥಿ ಗೊತ್ತಿಲ್ಲದವರಿಗೆ, ದಿಕ್ಕಿಲ್ಲದೆ ಸತ್ತವರಿಗೆ, ಹೆಸರೇ ತಿಳಿಯದವರಿಗೂ ತರ್ಪಣವಿದೆ. ಅವರು ಎಂಥ ಬಾಳು ಬಾಳಿದರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಳೇ ಮೈಸೂರಿನ ಕಡೆ ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗಳನ್ನು ನೋಡಿದರೆ ಇನ್ನೊಂದು ಸತ್ಯ ಹೊಳೆಯುತ್ತದೆ. ಬಾಳೆಲೆಯ ಮೇಲೆ ಏನಿರುತ್ತದೆ? ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆ ಅಡಿಕೆ ಕಡ್ಡಿಪುಡಿ, ದೊಡ್ಡಪ್ಪನಿಗೆ ಬಾಟಲಿ, ಮಟನ್ ಸಾರು, ಮುದ್ದೆ, ಕರಿದ ಮೀನು, ಹೊಸ ಪಂಚೆ, ಹೊಸ ಸೀರೆ. ತಾತನ ದೈವಭಕ್ತಿಗಾಗಲಿ ದೊಡ್ಡಪ್ಪನ ತ್ಯಾಗಕ್ಕಾಗಲಿ ಎಲೆಯಲ್ಲಿ ಜಾಗವಿಲ್ಲ. ಮನೆಯವರು ನಿಜವಾಗಿ ನೆನಪಿಟ್ಟುಕೊಳ್ಳುವುದು ಚಪಲಗಳನ್ನು, ಹಟಗಳನ್ನು, ನಾಲಗೆಯ ರುಚಿಯನ್ನು. ಅದರಲ್ಲಿ ಎಷ್ಟು ಅಕ್ಕರೆಯಿದೆ! ತಾನು ಹೇಗೆ ನೆನಪಾಗಬೇಕೆಂದು ತಾತ ಮೊದಲೇ ಯೋಜನೆ ಹಾಕಿದ್ದರೆ ಬೀಡಿಯನ್ನು ಖಂಡಿತ ಬಚ್ಚಿಡುತ್ತಿದ್ದ.

ಈ ಕಾಲದಲ್ಲಿ ನೆನಪಿನ ಕೂಲಿ ಬೇಡವೆಂದು ಬರೆದಿಟ್ಟು ಹೋದವರು ನಮ್ಮಲ್ಲೇ ಒಬ್ಬರಿದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಅದಕ್ಕೂ ಬಹಳ ಮುಂಚೆ, 2014ರ ಗುರುಪೂರ್ಣಿಮೆಯಂದೇ, ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು. ದೇಹವನ್ನು ಹೂಳಬಾರದು, ಸುಡಬೇಕು. ಶ್ರಾದ್ಧದ ವಿಧಿಗಳು ಬೇಡ. ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಬೇಕು. ಸ್ಮಾರಕ ಕಟ್ಟಕೂಡದು. ಕರ್ನಾಟಕದ ಮಠಗಳ ರೂಢಿ ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಲಿಂಗೈಕ್ಯರಾದ ಸ್ವಾಮಿಗಳನ್ನು ಸಮಾಧಿ ಮಾಡಿ, ಮೇಲೆ ಗದ್ದುಗೆ ಕಟ್ಟಿ, ವರ್ಷಕ್ಕೊಮ್ಮೆ ಪುಣ್ಯಾರಾಧನೆ, ಜಾತ್ರೆ, ರಥೋತ್ಸವ ನಡೆಸುವುದು ವಾಡಿಕೆ. ಗದ್ದುಗೆಯೆಂದರೆ ಭಕ್ತಿಯ ಕೇಂದ್ರ, ಹಾಗೆಯೇ ಅಧಿಕಾರದ ಕೇಂದ್ರ, ಆದಾಯದ ಕೇಂದ್ರ. ಕಟ್ಟಲು ಜಾಗವೇ ಉಳಿಯದಂತೆ ಅವರು ದೇಹವನ್ನು ಬೆಂಕಿಗೂ ಬೂದಿಯನ್ನು ನೀರಿಗೂ ಬರೆದುಕೊಟ್ಟರು. ಜೇಬಿಲ್ಲದ ಅಂಗಿ ತೊಡುತ್ತಿದ್ದರು, 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದಿದ್ದರು. ಹಾಗಾಗಿ ಕೊನೆಯ ಪತ್ರ ಆಶ್ಚರ್ಯವೇನಲ್ಲ. ಅವರ ಇಚ್ಛೆಯಂತೆ ಆಶ್ರಮದ ಆವರಣದಲ್ಲೇ ದಹನವಾಯಿತು, ಬೂದಿ ಕೂಡಲಸಂಗಮದ ನೀರಿಗೂ ಗೋಕರ್ಣದ ಸಮುದ್ರಕ್ಕೂ ಹೋಯಿತು.

ಇಲ್ಲಿ ನನ್ನ ಎದುರಾಳಿ ನಗುತ್ತಾನೆ. ನೆನಪು ಬೇಡವೆಂದವರನ್ನೇ ಅಲ್ಲವೇ ನೀವು ಇಷ್ಟು ಗಾಢವಾಗಿ ನೆನೆಯುತ್ತಿರುವುದು? ಅವರ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸೇರಲಿಲ್ಲವೇ? ಪ್ರತಿ ವರ್ಷ ಗುರುನಮನ ನಡೆಯುತ್ತಿಲ್ಲವೇ? ಶರಣರ ಗುಣ ಮರಣದಲ್ಲಿ ಕಂಡಂತಾಯಿತಲ್ಲ! ಈ ಆಕ್ಷೇಪ ಗಟ್ಟಿಯಾದದ್ದೇ. ಉತ್ತರ ಇಷ್ಟು: ನೆನೆಯುವುದು ನಮ್ಮ ಕಡೆಯ ಕೆಲಸ. ಅದು ಅವರ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ ಎಂಬುದಕ್ಕೆ ಪತ್ರವೇ ಸಾಕ್ಷಿ. ಸೇರಿದ ಲಕ್ಷ ಜನರಿಂದ ಅವರು ದೊಡ್ಡವರಾದರೆಂದುಕೊಂಡರೆ, ಅಷ್ಟೇ ಜನ ಸೇರುವ ರಾಜಕಾರಣಿಯೂ ಚಿತ್ರನಟನೂ ರೌಡಿಯೂ ಅದೇ ತಕ್ಕಡಿಯಲ್ಲಿ ಕೂರಬೇಕಾಗುತ್ತದೆ. ಮೂರನೆಯವನ ಮೆರವಣಿಗೆಯನ್ನು ನೋಡಿದ ಯಾವ ನಗರವಾಸಿಯೂ ಆ ಗಾದೆಯನ್ನು ಮತ್ತೆ ಉಚ್ಚರಿಸಲಾರ. ಗಾದೆಯ ಪರವಾಗಿ ಒಂದು ಮಾತು ಹೇಳಬಹುದು: ಮರಣವನ್ನು ಶರಣ ಹೇಗೆ ಎದುರಿಸಿದ ಎಂಬುದನ್ನು ನೋಡು ಎಂಬ ಅರ್ಥವೂ ಅದಕ್ಕಿದೆ. ಆ ಅರ್ಥದಲ್ಲಿ ಸ್ವಾಮೀಜಿಗೆ ಅದು ಚೆನ್ನಾಗಿ ಒಪ್ಪುತ್ತದೆ. ನಾವು ಸಭೆಗಳಲ್ಲಿ ಬಳಸುತ್ತಿರುವುದು ಆ ಅರ್ಥದಲ್ಲಿ ಅಲ್ಲ. ತಲೆ ಎಣಿಸುವ ಅರ್ಥದಲ್ಲಿ.

ನೆನಪೇ ಬೇಡವೆಂದು ನಾನು ಹೇಳುತ್ತಿಲ್ಲ. ದುಃಖದಲ್ಲಿರುವವರಿಗೆ ನೆನಪು ಅನ್ನದಷ್ಟೇ ಅಗತ್ಯ, ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಸತ್ತವರಿಗೂ ಇಲ್ಲ. ಅದು ಉಳಿದವರ ಆಸ್ತಿ. ಹೋಗುವವರು ಅದನ್ನು ಮುಂಗಡವಾಗಿ ಬುಕ್ ಮಾಡಿಕೊಳ್ಳಲು ಹೊರಟಾಗ ಮಾತ್ರ ನನ್ನ ಜಗಳ. ಈ ವ್ಯತ್ಯಾಸ ಸಾಲುಮರದ ತಿಮ್ಮಕ್ಕನವರ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹುಲಿಕಲ್ಲಿಗೂ ಕುದೂರಿಗೂ ನಡುವಿನ ರಸ್ತೆಯಲ್ಲಿ 385 ಆಲದ ಮರ. ಅವುಗಳನ್ನು ಬೆಳೆಸಿದ್ದು ಇಬ್ಬರು, ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ಗುಂಡಿ ತೋಡಿ, ದನ ತಿನ್ನದಂತೆ ಮುಳ್ಳು ಕಟ್ಟಿ, ಬಿಂದಿಗೆಯಲ್ಲಿ ನೀರು ಹೊತ್ತರು. ಆಗ ಯಾವ ಪತ್ರಕರ್ತನೂ ಆ ರಸ್ತೆಯಲ್ಲಿ ಹೋಗಿರಲಿಲ್ಲ. ಪ್ರಶಸ್ತಿಗಳು ಬರತೊಡಗಿದಾಗ ಚಿಕ್ಕಯ್ಯ ತೀರಿಹೋಗಿದ್ದರು. 2019ರ ಪದ್ಮಶ್ರೀ, ಪಠ್ಯಪುಸ್ತಕದ ಪಾಠ, 2025ರ ನವೆಂಬರಿನಲ್ಲಿ ನಾಡಿನ ಸಂತಾಪ, ಎಲ್ಲವೂ ತಿಮ್ಮಕ್ಕನವರಿಗೆ. ಚಿಕ್ಕಯ್ಯನ ಹೆಸರನ್ನು ಎಷ್ಟು ಜನ ಥಟ್ಟನೆ ಹೇಳಿಯಾರು? ಅದೇ ಗುಂಡಿ, ಅದೇ ಬಿಂದಿಗೆ, ಅದೇ ಪ್ರೀತಿ. ಒಬ್ಬರಿಗೆ ನೆನಪು ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ, ಕಾರಣ ಆಯುಸ್ಸು. ಹಾಗೆಂದು ತಿಮ್ಮಕ್ಕನವರ ಖ್ಯಾತಿ ವ್ಯರ್ಥವಾಗಲಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಸಂದರ್ಭ ಬಂದಾಗ, ಅವರು ಮುಖ್ಯಮಂತ್ರಿಗೆ ಮನವಿ ಮಾಡಿದರು, ಸರ್ಕಾರ ಬೇರೆ ದಾರಿ ಯೋಚಿಸಬೇಕಾಯಿತು. ಬಂದ ಹೆಸರನ್ನು ಅವರು ಮರಗಳ ಕೆಲಸಕ್ಕೆ ಹಚ್ಚಿದರು. ಹೆಸರಿನ ಸದುಪಯೋಗವೆಂದರೆ ನನಗೆ ತೋಚುವುದು ಇದೊಂದೇ.

ಹಾಗಾದರೆ ನಮ್ಮವರಿಗೆ ಏನು ಬಿಟ್ಟು ಹೋಗಬೇಕು? ಸಿದ್ಧೇಶ್ವರ ಸ್ವಾಮೀಜಿಯವರ ಪತ್ರದಿಂದ ಸಂಸಾರಿಗಳು ಕಲಿಯಬಹುದಾದದ್ದು ವೈರಾಗ್ಯವಲ್ಲ, ಅದು ಎಲ್ಲರಿಗೂ ದಕ್ಕುವುದಿಲ್ಲ. ಕಲಿಯಬಹುದಾದದ್ದು ಮುಂಚಿತವಾಗಿ, ಸ್ಪಷ್ಟವಾಗಿ ಬರೆದಿಡುವ ಸೌಜನ್ಯ. ಸಾಲ ಯಾರಿಗೆ ಎಷ್ಟು, ಮನೆಯ ಪತ್ರ ಎಲ್ಲಿದೆ, ಬ್ಯಾಂಕಿನಲ್ಲಿ ನಾಮಿನಿ ಯಾರು, ವೆಂಟಿಲೇಟರ್ ಎಷ್ಟು ದಿನ, ಹೂಳುವುದೋ ಸುಡುವುದೋ. ಇದನ್ನು ಬರೆದಿಡದೆ ಹೋದ ಪ್ರೀತಿವಂತರ ಮನೆಗಳಲ್ಲಿ ಹನ್ನೊಂದನೆಯ ದಿನ ಮುಗಿಯುವ ಮೊದಲೇ ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಕಣ್ಣುಗಳ ವಿಷಯವನ್ನೂ ಅದೇ ಹಾಳೆಯಲ್ಲಿ ಸೇರಿಸಬಹುದು. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡಾಗ ಕಣ್ಣು ದಾನವಾದದ್ದು ಎಲ್ಲರಿಗೂ ಗೊತ್ತು. ಪುನೀತ್ ಅವರ ಕಾರ್ನಿಯಾಗಳ ಮುಂಭಾಗ, ಹಿಂಭಾಗಗಳನ್ನು ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಅದರ ನಂತರ ನೇತ್ರದಾನಕ್ಕೆ ಹೆಸರು ಕೊಡುವವರು ರಾಜ್ಯದಾದ್ಯಂತ ಮುಗಿಬಿದ್ದರು. ಆದರೆ ಸಾಧಾರಣ ಜನರ ಮಟ್ಟಿಗೆ, ಕೊಟ್ಟವರು ಯಾರೆಂದು ಪಡೆದವರಿಗೆ ಹೇಳುವುದಿಲ್ಲ, ಪಡೆದವರು ಯಾರೆಂದು ಕೊಟ್ಟ ಮನೆಯವರಿಗೂ ಹೇಳುವುದಿಲ್ಲ. ಕಾರ್ಡಿಗೆ ಸಹಿ ಹಾಕಿದರಷ್ಟೇ ಸಾಲದು, ಮನೆಯವರಿಗೆ ತಿಳಿಸಿರಬೇಕು, ಏಕೆಂದರೆ ಆ ಹೊತ್ತಿಗೆ ಫೋನ್ ಮಾಡಬೇಕಾದವರು ಅವರು. ಉಸಿರು ನಿಂತ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ, ಕೋಣೆಯ ಫ್ಯಾನು ಆರಿಸಬೇಕು. ಇದನ್ನು ಯಾರು ಮಾಡಬೇಕೆಂದು ಮನೆಯಲ್ಲಿ ಈಗಲೇ ಒಬ್ಬರಿಗೆ ಹೇಳಿಟ್ಟಿರುವುದು ಒಳ್ಳೆಯದು.